ಏಕಾಂತಮ್ಮ, ಐಮಂಗಲ

ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಹೊಸದುರ್ಗದ ಬಸ್ಸಿಗೆ ಕಾಯುತ್ತಿದ್ದ ಗೋವಿಂದಯ್ಯನವರ ಪಕ್ಕದಲ್ಲೇ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯಾಕೆಯ ಕಾಲ ಬಳಿ ಗಾಣದ ಎಣ್ಣೆಯ ಕ್ಯಾನು, ಕಿರಿಯಾಕೆಯ ಕೈಯಲ್ಲಿ ಮೊಬೈಲು.

“ಏಕಾಂತಕ್ಕ, ನಿಮ್ಮ ಗಾಣದ ವೆಬ್‌ಸೈಟ್ ವಿಳಾಸ ರಿಜಿಸ್ಟರ್ ಆಗೈತೆ. ಮಾಲೀಕರು ಯಾರು ಅಂತ ಓದ್ರಿ.”

“ನಂಗೆಲ್ಲಿ ಇಂಗ್ಲಿಷ್ ಬರ್ತೈತೆ ಮೇಘಶ್ರೀ? ಹೋದ್ಸಲ ವಿಳಾಸ ಮಾಡಿಸ್ಕೊಡ್ತೀನಿ ಅಂತ ಬಂದಿದ್ದ ಏಜೆಂಟು ಅವನ ಹೆಸರೇ ಹಾಕ್ಕಂಡಿದ್ದ. ವಿಳಾಸ ಕೈಬಿಟ್ಟು ಹೋಗೋವರ್ಗೂ ನಂಗೆ ಗೊತ್ತೇ ಆಗ್ಲಿಲ್ಲ.”

“ಈಗ ಮಾಲೀಕರ ವಿವರ ಕನ್ನಡದಾಗೇ ಕೊಡಬೋದು. ನೋಡ್ರಿ.”

ಹಿರಿಯಾಕೆ ಮೊಬೈಲು ಈಸಿಕೊಂಡು ಬೆರಳಿಟ್ಟು ಓದಿದರು.

“ಏಕಾಂತಮ್ಮ, ಐಮಂಗಲ... ಅಯ್ಯೋ, ನಿನ್ನ ಹೆಸರು ಹಾಕ್ಸೋದಲ್ವೇನೆ? ಕೊಡಿಸ್ದೋಳು ನೀನು!”

“ಇದೇನು ಮದುವೆಗೆ ಕೊಟ್ಟ ಸ್ಟೀಲ್ ಪಾತ್ರೆನಾ, ಕೊಟ್ಟೋರ ಹೆಸರು ಕೆತ್ತಿಸಾಕೆ? ಇದು ನಿಮ್ದು. ನಾಳೆ ಯಾರಾದ್ರೂ ನಂದು ಅಂತ ಬಂದ್ರೆ ಇದನ್ನೇ ತೋರ್ಸ್ರಿ.”

ಐಮಂಗಲದ ಮೇಲೆ ಹೋಗುವ ಚಿತ್ರದುರ್ಗದ ಬಸ್ಸು ಬಂದು ನಿಂತಿತು. ಗೋವಿಂದಯ್ಯ ಕಾಲು ಮಡಚಿ ದಾರಿ ಬಿಟ್ಟರು. ಮೇಘಶ್ರೀ ಕ್ಯಾನು ಎತ್ತಿಕೊಂಡಳು. ಏಕಾಂತಮ್ಮ ಮೊಬೈಲನ್ನು ಮಾತ್ರ ವಾಪಸು ಕೊಡಲಿಲ್ಲ.

“ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣವ್ವ. ಮನೆ ತುಂಬ ಪಾತ್ರೆ ಅವೆ, ಒಂದ್ರ ಮೇಲೂ ನನ್ನ ಹೆಸರಿಲ್ಲ. ತಡಿ, ಇನ್ನೊಂದ್ಸಲ ಓದ್ಕಂತೀನಿ.”