ತಂಗಿ ಬಾಗಿಲ ಪಕ್ಕದ ಪೆಟ್ಟಿಗೆ

...ಕೆಳಗಿಡು ಆ ಡ್ರಿಲ್ಲು! ಇಡು ಅಂದೆ! ನಮ್ಮನೇಲಿ ಸಿಗ್ನಲ್ ಇಲ್ಲ ಅಂತ ನಿಮ್ಮ ಫೋನ್ ಕಂಪನಿ ಆಫೀಸಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದು ನಾನು, ಕೆಳಗಿನ ಮನೆಯವಳು. ಸಿಗ್ನಲ್ ಪೆಟ್ಟಿಗೆ ಮಾತ್ರ ಮಹಡಿ ಮೇಲೆ, ನನ್ನ ತಂಗಿ ಬಾಗಿಲ ಪಕ್ಕಕ್ಕಾ? ಆ ಮಹಾರಾಣಿಗಾ?

ಏನು? ಕಂಪ್ಯೂಟರ್ ಹೇಳ್ತಾ? ಅದೇನು ಈ ಮೆಟ್ಟಿಲು ಹತ್ತಿ ನೋಡಿದೆಯಾ? ಹೂಂ, ಬಿಡಿಸಿ ಹೇಳು, ಮೂರನೇ ಕ್ಲಾಸಿಗೇ ಸ್ಲೇಟು ಒಡೆದವಳು ನಾನು... ಎಲ್ಲಾ ಜಾಗ ನೋಡೋಕೆ ಅದಕ್ಕೆ ಪುರುಸೊತ್ತಿಲ್ವಾ? ನಕ್ಷೇಲಿ ಎಲ್ಲೋ ಒಂದು ಕಡೆ ಪೆಟ್ಟಿಗೆ ಇಟ್ಟು, ಆಚೀಚೆ ಸರಿಸಿ, ಮೊದಲಿಗಿಂತ ವಾಸಿ ಅನ್ನಿಸಿದ್ರೆ ಇಟ್ಕೊಂಡು, ಮತ್ತೆ ಸರಿಸಿ... ಸುಸ್ತಾದ್ಮೇಲೆ ಇದೇ ಸರಿ ಅಂದುಬಿಡೋದಾ? ಥೂ! ನಮ್ಮಪ್ಪ ನನಗೆ ಗಂಡು ಹುಡುಕಿದ್ದೂ ಹೀಗೇ ಕಣಪ್ಪಾ! ನಾಕು ಮನೆ ತಿರುಗಿದ, ಕಾಲು ಸೋತಿತು, ಮುಂದೆ ಸಿಕ್ಕಿದವನನ್ನ ನನ್ನ ಕೊರಳಿಗೆ ಕಟ್ಟಿದ! ಯಾಕೆ ನಗ್ತೀಯಾ? ಅನುಭವಿಸಿದವಳು ನಾನು!

ಅಲ್ಲಾ, ಇಲ್ಲೇ ವಾಸಿ ಅಂತ ಅದಕ್ಕೆ ಹೇಗೆ ಗೊತ್ತಾಯ್ತು? ...ಕಾಲ್ ಎಲ್ಲಿ ಜಾಸ್ತಿ ಕಟ್ ಆಗತ್ತೋ ಅಲ್ಲಿಗೆ ಪೆಟ್ಟಿಗೆ ಎಳೆಯತ್ತಾ? ಈ ಬಾಗಿಲ ಮುಂದೇನಾ? ದಿನಾ ಸಂಜೆ? ಒಂದೇ ಫೋನಿಂದ?

ಅಯ್ಯಯ್ಯೋ! ಹತ್ರ ಬಾ, ಮೆಲ್ಲಗೆ ಹೇಳು. ಯಾವನೋ ಇವಳ ಬಾಗಿಲಲ್ಲಿ ನಿಂತು ಫೋನ್ ಮಾಡ್ತಾನೆ ಅಂತಾಯ್ತು! ಇವಳು ಮಾಡೋದು ಹೊಲಿಗೆಯಂತೆ ಹೊಲಿಗೆ! ಗುಂಡಿ ಕಿತ್ತುಹೋಯ್ತು ಅಂತ ಆ ಇಸ್ತ್ರಿ ಅಂಗಡಿಯವನು ಬರ್ತಾನಲ್ಲ, ಅವನೊಬ್ಬನ ಅಂಗೀಲಿ ಅದೆಷ್ಟು ಗುಂಡಿಯೋ! ಕೇಳು, ಒಳಗೆ ಟಕಟಕ ಅಂತಿದೆಯಲ್ಲ, ನಮ್ಮಮ್ಮನ ಮಶೀನು ಅದು. ನನ್ನನ್ನ ಕೇಳದೆ ಅದನ್ನ ಇವಳು ಹೊತ್ಕೊಂಡು ಬಂದ ದಿನದಿಂದ ನಾನು ಇವಳ ಮೆಟ್ಟಿಲು ತುಳಿದಿಲ್ಲ. ಮಂಡಿನೋವು ಬೇರೆ. ಇವತ್ತು ಹತ್ತಿದ್ದು ನಿನ್ನ ದೆಸೆಯಿಂದ!

ನಿನ್ನ ಫೋನ್ ಯಾಕೆ ನನ್ನ ಮೂತಿಗೆ ಹಿಡೀತೀಯಾ? ...ಕಡ್ಡಿ ಪೂರ್ತಿ ಇದೆ. ಕಾಣತ್ತೆ ಬಿಡು, ಕುರುಡಿಯಲ್ಲ ನಾನು. ಇಲ್ಲಿ ಸಿಗ್ನಲ್ ಚೆನ್ನಾಗೇ ಇದೆಯಲ್ಲಾ! ಪೆದ್ದು ಕಣೋ ನಿನ್ನ ಕಂಪ್ಯೂಟರು! ಆ ಕಡೆ ಒಂದು ಸಲ ರಿಂಗ್ ಆಗೋಕೂ ಮುಂಚೆ ಕೆಂಪು ಗುಂಡಿ ಒತ್ತಿದ್ರೆ, ಪಾಪ, ಸಿಗ್ನಲ್ ಹೋಯ್ತು ಅಂದ್ಕೊಂಡು...

ಯಾಕಪ್ಪಾ ಹುಬ್ಬೇರಿಸ್ತೀಯಾ?

ರಿಂಗ್ ಆಗೋಕೆ ಮುಂಚೆ ಅಂತ ನೀನೇ ತಾನೇ ಅಂದಿದ್ದು? ...ಅನ್ಲಿಲ್ವಾ?

ನನ್ನ ಕೈಯಲ್ಲಿರೋ ಫೋನ್ ಯಾಕೆ ನೋಡ್ತೀಯಾ? ನೋಡಬೇಡ! ಬೇರೆ ಕೆಲಸ ಇಲ್ವಾ ನಿನಗೆ?

...ರಿಂಗ್ ಆಗಿ, ಒಳಗಿದ್ದೂ ಇವಳು ಎತ್ತದೇ ಹೋದ್ರೆ? ಆಗೇನು ಮಾಡ್ಲಿ? ಹೇಳತ್ತಾ ಅದನ್ನ ನಿನ್ನ ಕಂಪ್ಯೂಟರು?

ಶ್... ಮಶೀನ್ ಸದ್ದು ನಿಂತಿತು. ಚಿಲಕ ತೆಗೀತಿದಾಳೆ. ಎಲ್ಲಿಗೆ ಹೋಗ್ತೀಯಾ, ನಿಲ್ಲು! ಆ ಡ್ರಿಲ್ಲು ಎತ್ಕೋ, ಗೋಡೆಗೆ ಹಿಡಿ. ಅವಳು ಕೇಳಿದ್ರೆ, ಪೆಟ್ಟಿಗೆ ಜಗಳಕ್ಕೇ ಬಂದಿದಾಳೆ ನಿಮ್ಮಕ್ಕ ಅನ್ನು... ಅನ್ನೋ!