ಅಳುವ ದೃಶ್ಯದ ದನಿ

ಹೊಸ ಸಿನಿಮಾದ ಮೊದಲ ಪ್ರದರ್ಶನಕ್ಕೆ ಬಾಗಿಲು ತೆರೆಯುವುದನ್ನೇ ಕಾಯುತ್ತ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ತಾಯಿ, ಮಗಳು. ಮೂವತ್ತು ವರ್ಷದ ಹಿಂದಿನ ಮೂಲ ಚಿತ್ರದಲ್ಲಿ ತಾಯಿಯೇ ನಾಯಕಿ. ಈ ರೀಮೇಕಿನಲ್ಲಿ ಅದೇ ಪಾತ್ರ ಮಗಳದು. ನಾನು ಕೈಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

"ಅಮ್ಮಾ, ಕೈಕಾಲು ನಡುಗ್ತಿದೆ."

"ನಡುಗಲಿ ಬಿಡು. ತೆರೆ ಮೇಲೆ ನಿಂಗೆ ಅದೂ ಬರ್ಲಿಲ್ಲ."

"ನೀನಿನ್ನೂ ನೋಡೇ ಇಲ್ವಲ್ಲ!"

"ಟ್ರೈಲರ್ ನೋಡಿದೀನಿ. ನನ್ನ ಬಟ್ಟೆ ಹಾಕ್ಕೊಂಡು ಯಾರೋ ಓಡಾಡ್ತಿದ್ದ ಹಾಗಿತ್ತು."

"ಮಗು ಸತ್ತಾಗ ಅಳೋ ಸೀನ್ ನೋಡು, ಆಮೇಲೆ ಮಾತಾಡು. ಅದೊಂದಕ್ಕೇ ಮೂರು ದಿನ ಡಬ್ಬಿಂಗ್ ಮಾಡಿದೀನಿ. ಗಂಟಲೇ ಕಟ್ಟೋಗಿತ್ತು."

"ಅದನ್ನ ತೆಗೆದುಹಾಕಿದ್ದಾರೆ ಕಣೇ."

"ಯಾವುದನ್ನ?"

"ನಿನ್ನ ಅಳುನ. ನೀನು ಅತ್ರೆ ನೆಗಡಿ ಆದವರ ಹಾಗೆ ಕೇಳುತ್ತಂತೆ. ನನ್ನ ಹಳೇ ಸಿನಿಮಾದ ಅಳುನೇ ಹಾಕಿದ್ದಾರೆ. ಬಾಯಿ ನಿಂದು, ದನಿ ನಂದು. ಹೋದ ವಾರ ಡೈರೆಕ್ಟರು ಮನೆಗೇ ಬಂದು ನನ್ನ ಒಪ್ಪಿಗೆ ಕೇಳಿದ್ರು."

"ನೀನೇನಂದೆ?"

"ಇಷ್ಟು ತಡ ಯಾಕೆ ಮಾಡಿದ್ರಿ ಅಂದೆ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ ಅಮ್ಮಾ?"

"ಈಗ ಹೇಳ್ತಿದೀನಲ್ಲ."

ಬಾಗಿಲು ತೆರೆಯಿತು. ತಾಯಿ ಕರವಸ್ತ್ರ ತೆಗೆದು ಮಗಳ ಕೆನ್ನೆಯನ್ನು ಒತ್ತಿ ಒರೆಸಿದರು.

"ಅಳೋದಾದ್ರೆ ಇಲ್ಲೇ ಅತ್ತು ಮುಗಿಸು. ಒಳಗೆ ಜನಕ್ಕೆ ನನ್ನ ಅಳು ಕೇಳಿಸ್ಬೇಕು."

ಮಗಳ ತೋಳು ಹಿಡಿದುಕೊಂಡು ಅವರು ಒಳಗೆ ನಡೆದರು.