ಗಂಡನ ಲೋಟದ ಅಶ್ವಗಂಧ

ಗಿಡಮೂಲಿಕೆ ಅಂಗಡಿಯ ಹಿಂಭಾಗದಲ್ಲಿ ಕೆಲಸದವಳು ಮೂಗಿಗೆ ಸೆರಗು ಕಟ್ಟಿಕೊಂಡು ಅಶ್ವಗಂಧದ ಪುಡಿ ಜರಡಿ ಹಿಡಿಯುತ್ತಿದ್ದಳು. ಒಂದು ಪೊಟ್ಟಣವನ್ನು ಎಂದಿನಂತೆ ಗಂಡನಿಗೆಂದು ತೆಗೆದಿಟ್ಟಿದ್ದಳು. ಮುಂದುಗಡೆ ಅದೇ ಪುಡಿ ಕೊಳ್ಳಲು ಬಂದಿದ್ದ ಅಕ್ಕತಂಗಿಯರಿಬ್ಬರ ಮಾತು ಕೇಳಿಸಿತು.

“ಇದ್ರಿಂದ ನಿಜವಾಗ್ಲೂ ನಿದ್ದೆ ಬರುತ್ತಾ ಅಕ್ಕ?”

“ಬರುತ್ತಾ ಅಂದ್ರೆ! ದಿನಾ ಹಾಲಿಗೆ ಬೆರೆಸಿ ಕೊಡ್ತೀನಿ. ನಿಮ್ಮ ಭಾವ ತಲೆ ಇಟ್ರೆ ಸಾಕು, ಗೊರಕೆ. ಸಿಡುಕೂ ಇಳಿದಿದೆ.”

“ಮತ್ತೆ ನಿನ್ನ ಕಣ್ಣು ಯಾಕೆ ಹೀಗೆ ಗುಳಿಬಿದ್ದಿದೆ?”

“ಅತ್ತೆ ರಾತ್ರಿಯೆಲ್ಲ ಕೂಗ್ತಾರಲ್ಲ, ಏಳಬೇಕು.”

“ನೀನೂ ಒಂದು ಲೋಟ ಕುಡಿಯೇ.”

“ಚೆನ್ನಾಗಿ ಹೇಳ್ದೆ! ನಾನೂ ಮಲಗಿಬಿಟ್ರೆ ಏಳೋರ್ಯಾರು?”

“ಅವರ ಮಗ.”

“ಅಯ್ಯೋ, ಅವರ ನಿದ್ದೆ ಕೆಡಬಾರ್ದು ಅಂತ ತಾನೇ ಇದನ್ನ ಕೊಡ್ತಿರೋದು!”

“ಒಟ್ಟಿನಲ್ಲಿ ಗುಣ ಇದೆ ಅನ್ನು.”

“ಇದೆ ಕಣೇ. ಮನೇಲಿ ಎಲ್ಲರೂ ಆರೋಗ್ಯವಾಗಿದ್ದಾರೆ.”

ಅಕ್ಕ ಆಕಳಿಸುತ್ತಲೇ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡಳು. ಇಬ್ಬರೂ ಹೊರಟುಹೋದರು.

ಜರಡಿ ಹಿಡಿದವಳಿಗೂ ಆಕಳಿಕೆ ಬಂತು. ನಿನ್ನೆ ರಾತ್ರಿ ಮಾವ ಕೆಮ್ಮಿದಾಗಲೆಲ್ಲ ಎದ್ದವಳು ಅವಳೇ. ಗಂಡ ಮಗ್ಗುಲು ಕೂಡ ಬದಲಿಸಿರಲಿಲ್ಲ. ತೆಗೆದಿಟ್ಟಿದ್ದ ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇವತ್ತು ಅವನಿಗೆ ಬರೀ ಹಾಲು, ಪುಡಿ ತನ್ನ ಲೋಟಕ್ಕೆ.

“ಏನಮ್ಮಾ, ಒಬ್ಬಳೇ ನಗ್ತಿದ್ದೀಯ?” ಎಂದ ಅಂಗಡಿಯವನಿಗೆ, “ಏನಿಲ್ಲ, ಸೀನು ಬಂತು” ಎಂದಳು.